ಶಾಂಭವಿ ಅಳಿವೆಯ ಮರುವಾಯಿ, ಯುರೋಪಿನ ಪ್ರಯೋಗಾಲಯ: ಒಂದು ಸಹಯೋಗದ ಪ್ರಕರಣ ಅಧ್ಯಯನ

ಮರುವಾಯಿ ನೀರು ಸೋಸಿ ಬದುಕುವ ಚಿಪ್ಪುಜೀವಿ. ಹೊಳೆಗೆ ಬಂದು ಸೇರುವ ಕೊಳಚೆಯ ಬ್ಯಾಕ್ಟೀರಿಯಾ, ಉಪ್ಪುನೀರಿನ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ, ಕೆಲವು ಪಾಚಿಗಳ ವಿಷ ಎಲ್ಲವೂ ಅದರ ಮಾಂಸದಲ್ಲಿ ಸಂಗ್ರಹವಾಗುತ್ತವೆ. 1983ರಲ್ಲಿ ಮಂಗಳೂರಿಗೆ ಹತ್ತಿರದ ಕುಂಬಳೆ ಅಳಿವೆಯ ಮರುವಾಯಿ ತಿಂದು ಜನ ಆಸ್ಪತ್ರೆ ಸೇರಿದ್ದರು, ಸಾವೂ ಆಗಿತ್ತು. ಕಾರಣ ಪಾರ್ಶ್ವವಾಯು ತರುವ ಪಾಚಿ ವಿಷ. ಹಾಗಾಗಿ ಮೂಲ್ಕಿಯ ಶಾಂಭವಿ ಅಳಿವೆ, ಉಡುಪಿ ಬಳಿಯ ಉದ್ಯಾವರ ಹೊಳೆ ಇವೆರಡರ ಮರುವಾಯಿಯನ್ನು ಮೂರು ವರ್ಷ ಪರೀಕ್ಷಿಸುವ ಯೋಜನೆಯೊಂದು ಸಿದ್ಧವಾದರೆ ಅದರ ಅಗತ್ಯವನ್ನು ಯಾರಿಗೂ ವಿವರಿಸಿ ಹೇಳಬೇಕಿಲ್ಲ.

ಈ ಪ್ರಕರಣದಲ್ಲಿ ಮುಖ್ಯವಾಗಿ ಇರುವುದು ಎರಡು ತಂಡ: ಮಂಗಳೂರಿನ ಒಂದು ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ಪ್ರಯೋಗಾಲಯ, ಯುರೋಪಿನ ಒಂದು ಸಮುದ್ರ ಸಂಶೋಧನಾ ಸಂಸ್ಥೆ. ಇದು ಯಾವುದೇ ಒಂದು ಸಂಸ್ಥೆಯ ಕಡತದಿಂದ ಎತ್ತಿಕೊಂಡದ್ದಲ್ಲ. ಕರಾವಳಿಯ ಪ್ರಯೋಗಾಲಯವೊಂದು ಇಂಥ ಕೆಲಸಕ್ಕೆ ಕೈಹಾಕಿದರೆ ಎಲ್ಲೆಲ್ಲಿ ಎಡವಬಹುದು ಎಂಬುದನ್ನು ಒಂದೇ ಕಡೆ ತೋರಿಸಲು ಕಟ್ಟಿದ ಮಾದರಿ ಪ್ರಕರಣ. ಇಲ್ಲಿ ಬರುವ ಕಾನೂನು, ಮಿತಿ, ಪ್ಯಾಕಿಂಗ್ ನಿಯಮಗಳು ಮಾತ್ರ ನಿಜದವೇ.

ಮೊದಲ ಕರಡು

ಕರಡಿನಲ್ಲಿ ಕೆಲಸದ ಹಂಚಿಕೆ ಒಂದೇ ಸಾಲಿನಲ್ಲಿ ಮುಗಿದಿತ್ತು: ಮಾದರಿ ಸಂಗ್ರಹ ಮಂಗಳೂರಿನವರದು, ವಿಶ್ಲೇಷಣೆ ಯುರೋಪಿನವರದು. ಬಜೆಟ್ಟಿನಲ್ಲಿ ‘ಮಾದರಿ ಸಾಗಣೆ’ ಎಂದು ಒಂದು ಮೊತ್ತ. ಆ ‘ಮಾದರಿ’ ಎಂಬ ಪದದೊಳಗೆ ಏನೇನಿದೆ ಎಂದು ಬಿಡಿಸಿ ನೋಡಿದಾಗ ಸಿಕ್ಕಿದ್ದು ಐದು ಬೇರೆಬೇರೆ ವಸ್ತು: ಮರುವಾಯಿಯಿಂದ ಬೇರ್ಪಡಿಸಿದ ಸುಮಾರು 200 ವಿಬ್ರಿಯೊ ತಳಿಗಳು, ಎಥನಾಲ್‌ನಲ್ಲಿಟ್ಟ ಮರುವಾಯಿ ಮಾಂಸ, ಹೊಳೆನೀರಿನ ಡಿಎನ್‌ಎ, ಪಾಚಿ ವಿಷದ ಸಾರ, ಜೊತೆಗೆ ನಗರದ ಆಸ್ಪತ್ರೆಯೊಂದರಲ್ಲಿ ಭೇದಿ ರೋಗಿಗಳಿಂದ ಸಿಕ್ಕ ಬ್ಯಾಕ್ಟೀರಿಯಾ. ಇವಲ್ಲದೆ ಯುರೋಪಿನ ಪಿಎಚ್‌ಡಿ ವಿದ್ಯಾರ್ಥಿನಿಯೊಬ್ಬಳು ನಾಲ್ಕು ತಿಂಗಳು ಇಲ್ಲಿಗೆ ಬಂದು ತಾನೇ ಹೊಳೆಗಿಳಿದು ಮಾದರಿ ತೆಗೆಯುವುದು ಎಂದೂ ಇತ್ತು.

ಈ ಐದಕ್ಕೂ ಅನುಮತಿಯ ದಾರಿ ಬೇರೆ, ಕೇಳಬೇಕಾದ ಕಚೇರಿ ಬೇರೆ. ಇಡೀ ಯೋಜನೆಯನ್ನು ಒಂದೇ ಗಂಟು ಎಂದುಕೊಂಡು ಅರ್ಜಿ ಹಾಕಿದರೆ ಅತಿ ಕಠಿಣ ವಸ್ತುವಿನ ಅನುಮತಿ ಬರುವ ತನಕ ಸುಲಭದ್ದೂ ಕಾಯುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಸುಲಭದ್ದರ ಅನುಮತಿ ಹಿಡಿದುಕೊಂಡು ಕಠಿಣದ್ದೂ ಡಬ್ಬಕ್ಕೆ ಸೇರಿ ಹೋಗಿಬಿಡುವುದು. ಸಹಯೋಗದಲ್ಲಿ ಹೊಣೆಗಾರಿಕೆ ಎಂದರೆ ಬಹುಪಾಲು ಈ ಟ್ಯೂಬ್‌ ಪಟ್ಟಿಯ ಕೆಲಸವೇ. ಒಡಂಬಡಿಕೆಯ ಸಹಿ ಸಮಾರಂಭ, ಶಾಲು, ಫೋಟೊ ಎಲ್ಲ ಆಮೇಲಿನ ಮಾತು.

ಜೀವವೈವಿಧ್ಯ ಕಾನೂನು: ಒಡಂಬಡಿಕೆ ಇದ್ದರೆ ಸಾಲದು

ಜೀವವೈವಿಧ್ಯ ಕಾಯ್ದೆ, 2002ರ 3ನೇ ಸೆಕ್ಷನ್ ಪ್ರಕಾರ ವಿದೇಶಿ ವ್ಯಕ್ತಿ ಅಥವಾ ಸಂಸ್ಥೆ ಇಲ್ಲಿನ ಜೈವಿಕ ಸಂಪನ್ಮೂಲವನ್ನು ಸಂಶೋಧನೆಗೆ ಪಡೆಯಬೇಕಾದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಪೂರ್ವಾನುಮತಿ ಬೇಕು. ಸೂಕ್ಷ್ಮಜೀವಿಗಳೂ ‘ಜೈವಿಕ ಸಂಪನ್ಮೂಲ’ದ ವ್ಯಾಖ್ಯೆಯಲ್ಲಿವೆ, ಮನುಷ್ಯರ ವಂಶವಾಹಿ ಸಾಮಗ್ರಿ ಹೊರಗೆ. 5ನೇ ಸೆಕ್ಷನ್ ಸಹಯೋಗದ ಸಂಶೋಧನೆಗೆ ವಿನಾಯಿತಿ ಕೊಡುತ್ತದೆ. ಆದರೆ ಎರಡು ಷರತ್ತಿದೆ: ಯೋಜನೆ ಕೇಂದ್ರ ಸರ್ಕಾರದ ಮಾರ್ಗಸೂಚಿಗೆ ಹೊಂದಿಕೊಂಡಿರಬೇಕು, ಕೇಂದ್ರ ಸರ್ಕಾರದ ಅನುಮೋದನೆಯೂ ಇರಬೇಕು. ಆ ಮಾರ್ಗಸೂಚಿ 2006ರ ನವೆಂಬರ್‌ನಲ್ಲಿ ಪ್ರಕಟವಾಗಿದೆ. ಎರಡು ವಿಶ್ವವಿದ್ಯಾಲಯಗಳ ಕುಲಪತಿಗಳು ಸಹಿ ಹಾಕಿದ ಒಡಂಬಡಿಕೆ ಈ ಅನುಮೋದನೆಗೆ ಸಮವಲ್ಲ. ಇದನ್ನು ತಿಳಿಯದೆ ‘ನಮ್ಮದು ಕೊಲಾಬರೇಷನ್, ವಿನಾಯಿತಿ ಇದೆ’ ಎಂದು ಹೇಳಿಕೊಂಡು ಮುಂದುವರಿಯುವವರು ಕಡಿಮೆಯಿಲ್ಲ. 2023ರ ತಿದ್ದುಪಡಿ ಬಂದ ಮೇಲೆ ಉಲ್ಲಂಘನೆಗೆ ಜೈಲುಶಿಕ್ಷೆ ರದ್ದಾಗಿ ದಂಡ ಉಳಿಯಿತು. ದಂಡ ಶುರುವಾಗುವುದೇ 1 ಲಕ್ಷ ರೂಪಾಯಿಯಿಂದ. 50 ಲಕ್ಷದವರೆಗೂ ಹೋಗಬಹುದು.

ಮಂಗಳೂರಿನ ತಂಡ ಅನುಮೋದನೆಯ ಅರ್ಜಿಯಲ್ಲಿ ವಿದ್ಯಾರ್ಥಿನಿಯ ಹೆಸರು, ಅವಳು ಕೆಲಸ ಮಾಡುವ ತಿಂಗಳುಗಳು, ಮಾದರಿ ತೆಗೆಯುವ ಜಾಗ ಎಲ್ಲವನ್ನೂ ಸೇರಿಸಿತು. ಅವಳು ಬರಬೇಕಾದದ್ದು ಸಂಶೋಧನಾ ವೀಸಾದ ಮೇಲೆ. ಪ್ರವಾಸಿ ವೀಸಾದಲ್ಲಿ ಬಂದು ಎರಡು ವಾರ ಹೊಳೆಬದಿ ನೋಡಿಕೊಂಡು ಹೋಗುವುದು ಎಂಬ ಸಲಹೆ ಆ ಕಡೆಯಿಂದ ಬಂದಿತ್ತು. 2008ರಲ್ಲಿ ಡಾರ್ಜಿಲಿಂಗ್ ಬಳಿ ಕೀಟ ಸಂಗ್ರಹಿಸಿದ ಇಬ್ಬರು ಝೆಕ್ ಕೀಟತಜ್ಞರು ಬಂಧನಕ್ಕೊಳಗಾದ ಪ್ರಸಂಗವನ್ನು ಪತ್ರದಲ್ಲಿ ನೆನಪಿಸಿದ ಮೇಲೆ ಆ ಸಲಹೆ ಮತ್ತೆ ಬರಲಿಲ್ಲ.

ಇನ್ನೊಂದು ತೊಡಕು ಯುರೋಪಿನ ಬದಿಯದು. ಐರೋಪ್ಯ ಒಕ್ಕೂಟದ 511/2014 ನಿಯಮದ ಪ್ರಕಾರ ಬೇರೆ ದೇಶದ ಜೈವಿಕ ಸಾಮಗ್ರಿ ಬಳಸುವವರು ಅದನ್ನು ಕಾನೂನುಬದ್ಧವಾಗಿ ಪಡೆದದ್ದಕ್ಕೆ ದಾಖಲೆ ತೋರಿಸಬೇಕು, ಬಳಕೆ ಮುಗಿದ ಮೇಲೂ 20 ವರ್ಷ ಅದನ್ನು ಕಾಪಾಡಬೇಕು. ಜೈವಿಕ ಸಂಪನ್ಮೂಲದ ಬಳಕೆ ಕುರಿತ ಅಂತಾರಾಷ್ಟ್ರೀಯ ಒಪ್ಪಂದವಾದ ನಗೋಯ ಶಿಷ್ಟಾಚಾರದಡಿ ಪ್ರಾಧಿಕಾರ ಅನುಮತಿ ಕೊಟ್ಟಾಗ ಅದಕ್ಕೆ ಅಂತಾರಾಷ್ಟ್ರೀಯ ಪ್ರಮಾಣಪತ್ರ ದೊರೆಯುತ್ತದೆ. 5ನೇ ಸೆಕ್ಷನ್ನಿನ ವಿನಾಯಿತಿಯಲ್ಲಿ ಅಂಥ ಪ್ರಮಾಣಪತ್ರವೇ ಹುಟ್ಟುವುದಿಲ್ಲ. ಇಲ್ಲಿ ಸುಲಭವಾದ ದಾರಿ ಅಲ್ಲಿ ಪುರಾವೆಯಿಲ್ಲದ ದಾರಿಯಾಗಿಬಿಡುತ್ತದೆ. ಕೇಂದ್ರದ ಅನುಮೋದನೆ ಪತ್ರ, ಅದನ್ನು ಪ್ರಾಧಿಕಾರಕ್ಕೆ ಕಳಿಸಿದ ದಾಖಲೆ, ಸಾಮಗ್ರಿ ವರ್ಗಾವಣೆ ಒಪ್ಪಂದ ಈ ಮೂರನ್ನೂ ಒಂದೇ ಪಿಡಿಎಫ್ ಮಾಡಿ ಮೊದಲ ಡಬ್ಬದ ಮುಂಚೆಯೇ ಕಳಿಸಿದ್ದರಿಂದ ಆ ಕಡೆಯ ಕಾನೂನು ವಿಭಾಗದ ತಕರಾರು ತಪ್ಪಿತು.

ಸ್ಥಳೀಯ ಮಟ್ಟದಲ್ಲಿ ಮೂಲ್ಕಿ ನಗರ ಪಂಚಾಯತ್ ಮತ್ತು ಉದ್ಯಾವರ ಗ್ರಾಮ ಪಂಚಾಯತ್‌ಗಳ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿಗೆ ಕನ್ನಡದಲ್ಲಿ ಎರಡು ಪುಟದ ಪತ್ರ ಹೋಯಿತು: ಏನು ತೆಗೆಯುತ್ತೇವೆ, ಎಷ್ಟು ತೆಗೆಯುತ್ತೇವೆ, ಎಲ್ಲಿಗೆ ಹೋಗುತ್ತದೆ, ಫಲಿತಾಂಶ ಯಾವಾಗ ತಿಳಿಸುತ್ತೇವೆ.

ಕಾಲದ ಲೆಕ್ಕವೂ ಇಲ್ಲಿ ಮುಖ್ಯ. ಮಳೆ ಹಿಡಿದ ಮೇಲೆ ಅಳಿವೆಯ ಉಪ್ಪಿನಂಶ ಬಹುತೇಕ ಇಳಿದುಹೋಗುತ್ತದೆ, ವಿಬ್ರಿಯೊ ಜಾತಿಗಳ ಪ್ರಮಾಣವೇ ಬದಲಾಗುತ್ತದೆ. ಏಪ್ರಿಲ್–ಮೇ ಮಾದರಿ ತಪ್ಪಿದರೆ ಹೋಲಿಕೆಗೆ ಮತ್ತೆ ಒಂದು ವರ್ಷ ಕಾಯಬೇಕು. ಆದ್ದರಿಂದ ಅರ್ಜಿ ಹಿಂದಿನ ದಸರೆಯ ಹೊತ್ತಿಗೇ ಹೊರಡಬೇಕು. ವಿದೇಶದ ಅನುದಾನ ಜನವರಿಯಲ್ಲಿ ಶುರುವಾಗುತ್ತದೆಂದು ಜನವರಿಯಲ್ಲಿ ಅರ್ಜಿ ಹಾಕುವುದು ಒಂದು ಋತುವನ್ನು ಕೈಯಾರೆ ಕಳೆದುಕೊಂಡಂತೆ.

ಹಳದಿ ಕಾಲೊನಿ

ಇಡೀ ಪ್ರಕರಣದಲ್ಲಿ ನಿಜವಾದ ಅಪಾಯ ಇದ್ದದ್ದು ಇಲ್ಲಿ. ವಿಬ್ರಿಯೊಗಳನ್ನು ಬೇರ್ಪಡಿಸಲು ಬಳಸುವ ಟಿಸಿಬಿಎಸ್ ಎಂಬ ಪೋಷಕ ಅಗಾರ್‌ನಲ್ಲಿ ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಹಸಿರು ಕಾಲೊನಿಯಾಗಿ (ಬ್ಯಾಕ್ಟೀರಿಯಾ ಗುಂಪಿನ ಚುಕ್ಕೆ) ಬೆಳೆಯುತ್ತದೆ, ಆಲ್ಜಿನೊಲಿಟಿಕಸ್ ಹಳದಿ, ಕಾಲರಾ ರೋಗದ ಜಾತಿಯಾದ ಕಾಲರೆ ಕೂಡ ಹಳದಿ. ಕರಾವಳಿಯ ಮರುವಾಯಿಯಲ್ಲಿ ಹಳದಿ ಕಾಲೊನಿ ಎಂದರೆ ಹೆಚ್ಚಾಗಿ ಆಲ್ಜಿನೊಲಿಟಿಕಸ್. ಆದರೆ ಅಳಿವೆಯ ಸಿಹಿನೀರಿನ ಕಡೆ ಹೋದಷ್ಟೂ ಕಾಲರೆ ಸಿಗುವ ಸಾಧ್ಯತೆ ಏರುತ್ತದೆ. ವಿಬ್ರಿಯೊ ಕಾಲರೆ ನಮ್ಮ ರಫ್ತು ನಿಯಂತ್ರಣದ ಸ್ಕೋಮೆಟ್ ಪಟ್ಟಿಯ (ದುರ್ಬಳಕೆಯಾಗಬಲ್ಲ ವಸ್ತುಗಳ ಪಟ್ಟಿ) 2ನೇ ವರ್ಗದಲ್ಲಿರುವ ಸೂಕ್ಷ್ಮಜೀವಿ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪರವಾನಗಿ ಇಲ್ಲದೆ ಅದನ್ನು ಹೊರಗೆ ಕಳಿಸುವಂತಿಲ್ಲ. ಉದ್ದೇಶ ಎಷ್ಟೇ ಒಳ್ಳೆಯದಿರಲಿ, ‘ಹಳದಿ, ಬಹುಶಃ ಆಲ್ಜಿನೊಲಿಟಿಕಸ್’ ಎಂದು ಬರೆದ ಟ್ಯೂಬ್ ಕಾಲರೆ ಆಗಿದ್ದರೆ ಅದು ಪರವಾನಗಿಯಿಲ್ಲದ ರಫ್ತು.

ಇದನ್ನು ತಡೆಯಲು ದುಬಾರಿ ಯಂತ್ರವೇನೂ ಬೇಡ. ಉಪ್ಪೇ ಹಾಕದ ದ್ರವ ಪೋಷಕವಾದ ಟ್ರಿಪ್ಟೋನ್ ಬ್ರಾತ್‌ನಲ್ಲಿ ಪ್ರತಿ ಹಳದಿ ಕಾಲೊನಿಯನ್ನೂ ಬೆಳೆಸಿ ನೋಡುವುದು ಮೊದಲ ಜರಡಿ. ಕಾಲರೆ ಉಪ್ಪಿಲ್ಲದೆಯೂ ಬೆಳೆಯುತ್ತದೆ. ಆಲ್ಜಿನೊಲಿಟಿಕಸ್, ಪ್ಯಾರಾಹೀಮೊಲಿಟಿಕಸ್ ಬೆಳೆಯುವುದಿಲ್ಲ. ಮಾರನೆಯ ದಿನ ಕಲಕಿದಂತಿರುವ ಟ್ಯೂಬುಗಳನ್ನು ಬೇರೆ ಸ್ಟ್ಯಾಂಡಿಗೆ ಹಾಕಿ, ಅವಕ್ಕೆ ಕಾಲರೆಯನ್ನು ಗುರುತಿಸುವ ಒಎಂಪಿಡಬ್ಲ್ಯು ಜೀನ್ ಪಿಸಿಆರ್ ಪರೀಕ್ಷೆ ಮಾಡಬೇಕು. ಇಲ್ಲಿ ಆಗುವ ಸಾಮಾನ್ಯ ತಪ್ಪು ಒಂದಿದೆ: ಉಪ್ಪಿರುವ ಅಗಾರ್‌ನಿಂದ ಲೂಪ್ ತುಂಬ ಕಲ್ಚರ್ ಎತ್ತಿ ಹಾಕಿದರೆ ಅದರ ಜೊತೆ ಉಪ್ಪೂ ಹೋಗುತ್ತದೆ, ಹಾಕಿದ ಕಲ್ಚರ್‌ನಿಂದಲೇ ಬ್ರಾತ್ ಕಲಕಿದಂತೆಯೂ ಕಾಣುತ್ತದೆ. ಸೂಜಿಮೊನೆಯಷ್ಟು ಸಾಕು. ಪ್ರೋಟೀನ್ ನೋಡಿ ಜಾತಿ ಗುರುತಿಸುವ ಮಾಲ್ಡಿ-ಟಾಫ್ ಯಂತ್ರ ಇರುವವರು ಅದರ ಮೇಲೇ ಭಾರ ಹಾಕುತ್ತಾರೆ. ವಿಬ್ರಿಯೊಗಳ ಒಳಗೆ ಹತ್ತಿರದ ಜಾತಿಗಳನ್ನು ಅದು ಕಲಸಿಬಿಡಬಲ್ಲದು, ಹಾಗಾಗಿ ಅದೊಂದೇ ಪುರಾವೆ ಎಂದು ಸಹಿ ಹಾಕಬಾರದು.

ಜರಡಿಯಲ್ಲಿ ಕಾಲರೆ ಎಂದು ಉಳಿದವನ್ನು ಏನು ಮಾಡುವುದು? ಪರವಾನಗಿಗೆ ಅರ್ಜಿ ಹಾಕಬಹುದು, ಅಂತರ ಸಚಿವಾಲಯ ಸಮಿತಿ ಪರಿಶೀಲಿಸುತ್ತದೆ. ‘ಬರೀ ಡಿಎನ್‌ಎ ಕಳಿಸುತ್ತೇವೆ’ ಎಂಬ ಉಪಾಯವೂ ಸಲೀಸಲ್ಲ. ಪಟ್ಟಿಯಲ್ಲಿ ವಂಶವಾಹಿ ಭಾಗಗಳ ಪ್ರಸ್ತಾಪವೂ ಇದೆ. ಎರಡೂ ತಂಡ ಕೊನೆಗೆ ಒಪ್ಪಿದ್ದು ಸರಳವಾದದ್ದನ್ನು: ಕಾಲರೆ ತಳಿಗಳು ಮಂಗಳೂರಿನಿಂದ ಹೊರಡುವುದಿಲ್ಲ, ಅವುಗಳ ಜೀನೋಮ್ ಓದುವುದು ಭಾರತದಲ್ಲೇ. ಯುರೋಪಿನಲ್ಲಿ ಅದಕ್ಕೆಂದು ಇಟ್ಟ ಹಣ ಇಲ್ಲಿನ ಸೀಕ್ವೆನ್ಸಿಂಗ್‌ಗೆ ತಿರುಗಿತು. ಇದರಿಂದ ಇಲ್ಲಿನ ಇಬ್ಬರು ವಿದ್ಯಾರ್ಥಿಗಳು ಜೀನೋಮ್ ಜೋಡಿಸುವ ಕೆಲಸ ಕಲಿತರು. ಮಾದರಿ ಕಳಿಸಿ ಕೈತೊಳೆದುಕೊಳ್ಳುವ ಸಹಯೋಗದಲ್ಲಿ ಇದು ಸಿಗುವುದಿಲ್ಲ.

ವಿಷದ ಸಾರ, ರೋಗಿಗಳ ತಳಿ

ಪಾಚಿ ವಿಷಗಳಲ್ಲಿ ಮುಖ್ಯವಾದ ಸ್ಯಾಕ್ಸಿಟಾಕ್ಸಿನ್ ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದದ 1ನೇ ಅನುಸೂಚಿಯಲ್ಲಿದೆ. ಆಹಾರ ಸುರಕ್ಷತೆಗೆ ದುಡಿಯುವವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ, ಆದರೂ ನಿಯಮ ನಿಯಮವೇ. ಅಳತೆಗೆ ಬೇಕಾದ ಶುದ್ಧ ವಿಷದ ಸ್ಟಾಂಡರ್ಡ್ ತರಿಸಲೂ ಎರಡೂ ದೇಶಗಳಲ್ಲಿ ಆ ಒಪ್ಪಂದ ನೋಡಿಕೊಳ್ಳುವ ರಾಷ್ಟ್ರೀಯ ಪ್ರಾಧಿಕಾರಗಳಿಗೆ ಗೊತ್ತಿರಬೇಕು. 1ನೇ ಅನುಸೂಚಿಯ ವಸ್ತು ವರ್ಗಾವಣೆಗೆ 30 ದಿನ ಮೊದಲೇ ತಿಳಿಸಬೇಕೆಂಬ ನಿಯಮವಿದೆ. ವೈದ್ಯಕೀಯ, ರೋಗಪತ್ತೆಯ ಉದ್ದೇಶಕ್ಕೆ 5 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ಸ್ಯಾಕ್ಸಿಟಾಕ್ಸಿನ್‌ಗೆ ಮಾತ್ರ ಆ ಗಡುವು ಇಲ್ಲ, ಸಾಗಿಸುವ ಹೊತ್ತಿಗೆ ತಿಳಿಸಿದರೆ ಸಾಕು. ತರಿಸಿಕೊಂಡದ್ದನ್ನು ಮೂರನೇ ದೇಶಕ್ಕೆ ದಾಟಿಸುವಂತಿಲ್ಲ. ಸಾರವನ್ನು ಯುರೋಪಿಗೆ ಕಳಿಸುವ ಯೋಚನೆಯನ್ನೇ ಕೈಬಿಟ್ಟು, ಎಚ್‌ಪಿಎಲ್‌ಸಿ ಎಂಬ ವಿಷ ಅಳೆಯುವ ವಿಧಾನ ಬಲ್ಲ ಒಬ್ಬರನ್ನು ಅಲ್ಲಿಂದ ಇಲ್ಲಿಗೆ ಕರೆಸುವುದು ಎಂದಾಯಿತು. ಟ್ಯೂಬ್ ಓಡಾಡುವುದಕ್ಕಿಂತ ಮನುಷ್ಯ ಓಡಾಡುವುದು ಎಷ್ಟೋ ಸಲ ಅಗ್ಗ.

ರೋಗಿಗಳ ತಳಿಗಳಿಗೆ ಸಾಂಸ್ಥಿಕ ನೈತಿಕ ಸಮಿತಿಯ ಒಪ್ಪಿಗೆ ಬೇಕು. ವಿದೇಶಿ ಪಾಲುದಾರರಿರುವ ಆರೋಗ್ಯ ಸಂಶೋಧನೆ ಐಸಿಎಂಆರ್ ನಡೆಸುವ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಮುಂದೂ ಹೋಗಬೇಕು. ಕಾಗದ ಕನ್ನಡದಲ್ಲಿದ್ದರೂ ವಾರ್ಡಿನಲ್ಲಿ ಮಾತು ನಡೆಯುವುದು ತುಳು, ಬ್ಯಾರಿ, ಕೊಂಕಣಿ, ಮಲಯಾಳಂನಲ್ಲಿ. ಆದ್ದರಿಂದ ಒಪ್ಪಿಗೆ ಕೇಳುವ ನರ್ಸ್‌ಗಳಿಗೆ ಯಾವ ಭಾಷೆಯಲ್ಲಿ ಏನು ಹೇಳಬೇಕೆಂಬ ಒಂದು ಪುಟ ತಯಾರಾಯಿತು. ‘ಬೇರೆ ದೇಶಕ್ಕೆ ಕಳಿಸಬಹುದೇ’, ‘ಮುಂದೆ ಬೇರೆ ಸಂಶೋಧನೆಗೆ ಬಳಸಬಹುದೇ’ ಎಂಬ ಪ್ರಶ್ನೆಗಳಿಗೆ ಪ್ರತ್ಯೇಕ ಗುರುತು ಹಾಕುವ ಚೌಕ ಇತ್ತು. ಮೊದಲನೆಯದಕ್ಕೆ ಬೇಡ ಎಂದವರ ತಳಿ ಯುರೋಪಿನ ಡಬ್ಬಕ್ಕೆ ಸೇರಲಿಲ್ಲ.

ಹಣ

ಇದು ಬೇಗ ಮುಗಿಯುವ ವಿಷಯ, ಆದರೆ ಇಲ್ಲೇ ಯೋಜನೆಗಳು ನಿಂತುಹೋಗುತ್ತವೆ. ಟ್ರಸ್ಟಿನಡಿ ಇರುವ ಸಂಸ್ಥೆಯಾದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಬೇಕು, ಹಣ ಮೊದಲು ಬಂದು ಬೀಳಬೇಕಾದದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. 2020ರ ತಿದ್ದುಪಡಿಯ ನಂತರ ಆಡಳಿತ ವೆಚ್ಚಕ್ಕೆ ಶೇ 20ರ ಮಿತಿ ಬಂತು, ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ. ಮಂಗಳೂರಿನ ಪ್ರಯೋಗಾಲಯ ಹಣ ಪಡೆದು ಉಡುಪಿಯ ಪಾಲುದಾರ ಸಂಸ್ಥೆಯೊಂದಕ್ಕೆ ಒಂದು ಭಾಗ ಕೊಡುವುದು ಎಂಬ ಮೊದಲ ಏರ್ಪಾಡು ಇದರಿಂದ ಬಿದ್ದುಹೋಯಿತು. ಯುರೋಪಿನ ಸಂಸ್ಥೆ ಇಬ್ಬರೊಂದಿಗೂ ಬೇರೆಬೇರೆ ಒಪ್ಪಂದ ಮಾಡಿಕೊಳ್ಳಬೇಕಾಯಿತು.

ಡಬ್ಬ

ಬಜೆಟ್ಟಿನಲ್ಲಿ ಡ್ರೈ ಐಸ್ ಇತ್ತು. ಥರ್ಮೊಕೋಲ್ ಪೆಟ್ಟಿಗೆಯಲ್ಲಿ ದಿನಕ್ಕೆ 3ರಿಂದ 5 ಕೆ.ಜಿ. ಡ್ರೈ ಐಸ್ ಆವಿಯಾಗಿ ಹೋಗುತ್ತದೆ. ಡಬ್ಬ ಮಂಗಳೂರಿನಿಂದ ಬೆಂಗಳೂರಿಗೆ ರಸ್ತೆಯಲ್ಲೇ ಹೋಗುವುದಾದರೆ ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ದಾರಿ ಮುಚ್ಚಿದ ದಿನ ಏನಾಗುತ್ತದೆಂದು ಊಹಿಸಬಹುದು. ಅದರ ಮೇಲೆ ಕಸ್ಟಮ್ಸ್‌ನಲ್ಲಿ ಶನಿವಾರ, ಭಾನುವಾರ.

ವಿಬ್ರಿಯೊಗೆ ಡ್ರೈ ಐಸ್ ಬೇಕಿಲ್ಲ. ಶೇ 1 ಟ್ರಿಪ್ಟೋನ್, ಶೇ 1ರಿಂದ 3 ಉಪ್ಪು ಇರುವ ಅಗಾರ್‌ಗೆ ಚುಚ್ಚಿ ಬೆಳೆಸಿ, ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಪ್ಯಾರಾಫಿಲ್ಮ್ ಸುತ್ತಿದರೆ ಕೋಣೆಯ ಉಷ್ಣತೆಯಲ್ಲೇ ವಾರಗಟ್ಟಲೆ ಜೀವಂತವಿರುತ್ತದೆ. ಫ್ರಿಜ್ಜಿನಲ್ಲಿಟ್ಟರೇ ಕೆಡುಕು: ಚಳಿಗೆ ವಿಬ್ರಿಯೊ ಸಾಯದೆ, ಆದರೆ ಅಗಾರ್ ಮೇಲೆ ಬೆಳೆಯದ ಸ್ಥಿತಿಗೆ ಹೋಗಿಬಿಡಬಹುದು. ಹೊಳೆಯಿಂದ ತರುವ ಮರುವಾಯಿಗೂ ಇದೇ ಎಚ್ಚರ. ಐಸ್ ತುಂಡುಗಳ ಮೇಲೆ ನೇರ ಹಾಕದೆ ನಡುವೆ ಬಟ್ಟೆಯೋ ಕಾಗದವೋ ಇಟ್ಟು 7ರಿಂದ 10 ಡಿಗ್ರಿಯಲ್ಲಿ ತರಬೇಕು.

ಪ್ಯಾಕಿಂಗ್ ಜೈವಿಕ ಮಾದರಿ ಸಾಗಣೆಯ ಅಂತಾರಾಷ್ಟ್ರೀಯ ಸಂಕೇತ ಯುಎನ್ 3373ರ ಅಡಿ, ಪ್ಯಾಕಿಂಗ್ ಸೂಚನೆ 650ರಂತೆ ಮೂರು ಪದರ. ಸೋರದ ಟ್ಯೂಬ್, ಟ್ಯೂಬುಗಳ ಸುತ್ತ ಹೀರುವ ಹತ್ತಿ, ಸೋರದ ಎರಡನೇ ಡಬ್ಬಿ, ಗಟ್ಟಿ ಹೊರಪೆಟ್ಟಿಗೆ. ದ್ರವವಾದರೆ ಒಳಗಿನ ಎರಡು ಪದರಗಳಲ್ಲಿ ಒಂದಾದರೂ 95 ಕಿಲೋಪಾಸ್ಕಲ್ ಒತ್ತಡ ತಡೆಯಬೇಕು. ಪೆಟ್ಟಿಗೆ 1.2 ಮೀಟರ್‌ನಿಂದ ಬಿದ್ದರೂ ಒಡೆಯಬಾರದು. ಟ್ಯೂಬುಗಳ ಪಟ್ಟಿ ಎರಡನೇ ಡಬ್ಬಿಯ ಹೊರಗೆ, ಹೊರಪೆಟ್ಟಿಗೆಯ ಒಳಗೆ ಇರಬೇಕು. ಕಸ್ಟಮ್ಸ್‌ನವರು ಪಟ್ಟಿಗಾಗಿ ಒಳಡಬ್ಬಿ ಬಿಚ್ಚುವ ಪ್ರಮೇಯ ಆಗ ಬರುವುದಿಲ್ಲ. ಎಥನಾಲ್‌ನಲ್ಲಿಟ್ಟ ಮಾಂಸಕ್ಕೆ ಬೇರೆ ಪೆಟ್ಟಿಗೆ: ವಿಮಾನ ಸಾಗಣೆಯ ವಿಶೇಷ ನಿಯಮ ಎ180ರಲ್ಲಿ ಪ್ರತಿ ಬಾಟಲಿಗೆ 30 ಮಿ.ಲೀ., ಇಡೀ ಪೆಟ್ಟಿಗೆಗೆ 1 ಲೀಟರ್ ಮಿತಿ.

ಡಬ್ಬ ಹೊರಡುವ ಮೊದಲು ಪ್ರತಿ ತಳಿಯ ಜೋಡಿ ಪ್ರತಿಯನ್ನು ಶೇ 15–20 ಗ್ಲಿಸರಾಲ್‌ನಲ್ಲಿ ಮೈನಸ್ 80 ಡಿಗ್ರಿಯಲ್ಲಿ ಎರಡು ಬೇರೆ ಕಟ್ಟಡಗಳ ಫ್ರೀಜರ್‌ನಲ್ಲಿ ಇಡಬೇಕು. ಮಳೆಗಾಲದಲ್ಲಿ ಕರೆಂಟ್ ಕೈಕೊಡುವ ಊರಲ್ಲಿ ಒಂದೇ ಫ್ರೀಜರ್ ನಂಬುವಂತಿಲ್ಲ. ಆಯ್ದ ತಳಿಗಳು ಪುಣೆಯ ಅಥವಾ ಚಂಡೀಗಢದ ರಾಷ್ಟ್ರೀಯ ಸಂಗ್ರಹಕ್ಕೂ ಹೋಗಬೇಕು. ತಳಿ ವಿದೇಶದಲ್ಲಷ್ಟೇ ಉಳಿದು ಇಲ್ಲಿ ಸತ್ತರೆ, ನಮ್ಮದೇ ಹೊಳೆಯ ಬ್ಯಾಕ್ಟೀರಿಯಾಕ್ಕೆ ನಾವೇ ಕೋರಿಕೆ ಪತ್ರ ಬರೆಯಬೇಕಾಗುತ್ತದೆ.

ಎರಡನೇ ವರ್ಷದ ಇಮೇಲ್

ಮರುವಾಯಿಯ ವಿಬ್ರಿಯೊದಲ್ಲಿ ಔಷಧ ನಿರೋಧಕ ಪ್ಲಾಸ್ಮಿಡ್ (ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಡಿಎನ್‌ಎ ಉಂಗುರ) ಸಿಕ್ಕಿತು. ಅದನ್ನು ರೋಗಿಯಿಂದ ಬಂದ ತಳಿಗೆ ಸೇರಿಸಿ ನೋಡೋಣ ಎಂದು ಯುರೋಪಿನಿಂದ ಪ್ರಸ್ತಾಪ ಬಂತು. ವೈಜ್ಞಾನಿಕವಾಗಿ ಪ್ರಶ್ನೆ ಆಸಕ್ತಿಯದೇ. ಆದರೆ ರೋಗ ತರುವ ಜೀವಿಗೆ, ಆ ರೋಗಕ್ಕೇ ಬಳಸುವ ಔಷಧದ ನಿರೋಧವನ್ನು ಬೇಕೆಂದು ಸೇರಿಸುವ ಪ್ರಯೋಗ ಮಾಮೂಲಿ ಪ್ಲಾಸ್ಮಿಡ್ ಕೆಲಸವಲ್ಲ. ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿಯಂತೆ ಸಾಂಸ್ಥಿಕ ಜೈವಿಕ ಸುರಕ್ಷತಾ ಸಮಿತಿಯ ಮುಂದೆ ಅದು ಹೋಗಲೇಬೇಕು. ವಿಜ್ಞಾನಿಗಳ ನೀತಿಸಂಹಿತೆಗೆಂದು 2021ರಲ್ಲಿ ರೂಪುಗೊಂಡ ಟಿಯಾಂಜಿನ್ ಮಾರ್ಗಸೂಚಿ, 2022ರ ವಿಶ್ವ ಆರೋಗ್ಯ ಸಂಸ್ಥೆಯ ಚೌಕಟ್ಟು ಎರಡೂ ಕೇಳುವುದು ಇದನ್ನೇ: ಪ್ರಯೋಗ ಶುರುವಾಗುವ ಮೊದಲೇ ದುರ್ಬಳಕೆಯ, ಅಪಘಾತದ ಸಾಧ್ಯತೆಯನ್ನು ಲೆಕ್ಕಹಾಕಿ ಎಂದು.

ಒಪ್ಪಂದದಲ್ಲಿ ಒಂದು ಸಾಲು ಇದ್ದದ್ದು ಇಲ್ಲಿ ಕೆಲಸಕ್ಕೆ ಬಂತು: ಯಾವ ಬದಿಯ ಸುರಕ್ಷತಾ ಸಮಿತಿ ಬೇಡ ಎಂದರೂ ಎರಡೂ ಬದಿಗೆ ಬೇಡ. ಈ ಸಾಲಿಲ್ಲದಿದ್ದರೆ ಇಲ್ಲಿ ನಿರಾಕರಿಸಿದ ಪ್ರಯೋಗ ಅಲ್ಲಿ ನಡೆಯುತ್ತದೆ, ಅದೂ ಇಲ್ಲಿಂದ ಹೋದ ತಳಿಯಲ್ಲೇ. ಮಂಗಳೂರಿನ ಸಮಿತಿ ಒಪ್ಪಲಿಲ್ಲ. ಪ್ಲಾಸ್ಮಿಡ್ ಒಂದು ಜೀವಿಯಿಂದ ಇನ್ನೊಂದಕ್ಕೆ ದಾಟುತ್ತದೆಯೇ ಎಂಬುದಷ್ಟೇ ಪ್ರಶ್ನೆಯಾದರೆ ರೋಗ ತರದ ಇ. ಕೋಲಿ ಕೆ-12 ತಳಿಯಲ್ಲಿ ನೋಡಬಹುದು, ಹಾಗೇ ಮಾಡಿದರು. ಪ್ರಬಂಧದ ತೂಕ ಸ್ವಲ್ಪ ತಗ್ಗಿತು ಎಂದು ಆ ಕಡೆಯವರಿಗೆ ಬೇಸರವಿತ್ತು; ಅದು ಸುಳ್ಳೂ ಅಲ್ಲ.

ಪೇಪರಲ್ಲಿ ಬಂದರೆ

ಮರುವಾಯಿ ಹೆಕ್ಕುವವರು ಕೇಳುವುದು ಒಂದೇ: ‘ಇದು ಪೇಪರಲ್ಲಿ ಬಂದ್ರೆ ನಮ್ಮ ಮರುವಾಯಿ ಯಾರು ತಕೊಳ್ತಾರೆ ಮೇಡಂ?’ ಅಂತಾರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಮಿತಿಯಂತೆ ಸ್ಯಾಕ್ಸಿಟಾಕ್ಸಿನ್ ಪ್ರಮಾಣ ಕಿಲೋಗೆ 0.8 ಮಿಲಿಗ್ರಾಂ ಮೀರಬಾರದು. ಮನೆಯಲ್ಲಿ ಬೇಯಿಸಿದರೆ ಈ ವಿಷ ಹೋಗುವುದಿಲ್ಲ, ಹಾಗಾಗಿ ಮೀರಿದ್ದನ್ನು ಮುಚ್ಚಿಡುವಂತಿಲ್ಲ. ಕ್ರಮ ಹೀಗೆ ಗೊತ್ತಾಯಿತು: ಮಿತಿ ಮೀರಿದರೆ ಅದೇ ಸಾರವನ್ನು ಮತ್ತೊಮ್ಮೆ ಅಳೆಯುವುದು, ಅದೇ ದಿನ ಮೀನುಗಾರಿಕಾ ಇಲಾಖೆ ಮತ್ತು ಆಹಾರ ಸುರಕ್ಷತಾ ಅಧಿಕಾರಿಗೆ ತಿಳಿಸುವುದು, ಪ್ರಬಂಧ ಪ್ರಕಟವಾಗುವ ತನಕ ಕಾಯುವಂತಿಲ್ಲ. ಮಿತಿಯೊಳಗಿದ್ದರೆ ಯುರೋಪಿನ ಸಂಸ್ಥೆ ತಾನಾಗಿ ಪತ್ರಿಕಾ ಹೇಳಿಕೆ ಕೊಡುವಂತಿಲ್ಲ. ಪ್ರಕಟಿಸುವ ಅಕ್ಷಾಂಶ, ರೇಖಾಂಶ ಎರಡು ದಶಮಾಂಶಕ್ಕೆ ನಿಲ್ಲಬೇಕು. ಅಷ್ಟರಲ್ಲಿ ಜಾಗದ ಗುರುತು ಸುಮಾರು ಒಂದು ಕಿ.ಮೀ. ಮಟ್ಟಕ್ಕೆ ಮಸುಕಾಗುತ್ತದೆ, ಒಬ್ಬರ ಹೆಕ್ಕುವ ತಾಣ ನಕ್ಷೆಯಲ್ಲಿ ಎದ್ದು ಕಾಣುವುದಿಲ್ಲ.

ಜೀನೋಮ್ ದತ್ತಾಂಶ ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರಕ್ಕೆ ಹೋಗಬೇಕು ಎಂದೂ, ಹನ್ನೆರಡು ತಿಂಗಳ ನಂತರ ಎಲ್ಲರಿಗೂ ತೆರೆಯಬೇಕು ಎಂದೂ ಒಪ್ಪಂದದಲ್ಲಿತ್ತು. ಲೇಖಕರ ಹೆಸರಿನ ಕ್ರಮವನ್ನು ಮೊದಲ ವರ್ಷವೇ ಬರೆದಿಟ್ಟು, ಪ್ರತಿ ಪ್ರಬಂಧದ ಕರಡು ಶುರುವಾಗುವಾಗ ಮತ್ತೆ ನೋಡುವುದು ಎಂದಿತ್ತು. ಮಾದರಿ ತೆಗೆದವರ ಹೆಸರು ಕೃತಜ್ಞತೆಯ ಸಾಲಿಗೆ ಜಾರುವುದು ಹೆಚ್ಚಾಗಿ ಕರಡಿನ ಕೊನೆಯ ವಾರದಲ್ಲಿ.

ಮುಗಿಸುವಾಗಲೂ ಒಂದು ಕೆಲಸವಿದೆ. ಸಾಮಗ್ರಿ ವರ್ಗಾವಣೆ ಒಪ್ಪಂದದ ಅವಧಿ ತೀರಿದ ದಿನ ಯುರೋಪಿನಲ್ಲಿರುವ ತಳಿಗಳನ್ನು ಮರಳಿಸಬೇಕು, ಇಲ್ಲವೇ 121 ಡಿಗ್ರಿಯಲ್ಲಿ ಆಟೊಕ್ಲೇವ್ ಮಾಡಿ ನಾಶಪಡಿಸಿದ ಪತ್ರ ಕೊಡಬೇಕು. ‘ಎಲ್ಲ ಮಾದರಿಗಳನ್ನು ನಾಶಪಡಿಸಲಾಗಿದೆ’ ಎಂಬ ಒಂದು ಸಾಲಿನ ಪತ್ರವನ್ನು ಮಂಗಳೂರಿನವರು ಒಪ್ಪಲಿಲ್ಲ. ಟ್ಯೂಬ್ ಸಂಖ್ಯೆ ಹಾಕಿದ ಪಟ್ಟಿ ತರಿಸಿ, ಡಬ್ಬ ಹೊರಟ ದಿನದ ಪಟ್ಟಿಯೊಂದಿಗೆ ಸಾಲುಸಾಲಾಗಿ ತಾಳೆ ನೋಡಿದರು. ತಾಳೆಯಾಗದ ಸಂಖ್ಯೆಗಳೆಂದರೆ ಹೆಚ್ಚಾಗಿ ಪಕ್ಕದ ಪ್ರಯೋಗಾಲಯಕ್ಕೆ ‘ಸ್ವಲ್ಪ ನೋಡಲು’ ಕೊಟ್ಟವು. ಮೂರನೆಯವರಿಗೆ ಕೊಡುವಂತಿಲ್ಲ ಎಂಬ ಷರತ್ತಿನಡಿ ಅವನ್ನೂ ಹಿಂದಕ್ಕೆ ತರಿಸಿ ನಾಶದ ಪಟ್ಟಿಗೆ ಸೇರಿಸಿದ ಮೇಲೆ ಕಡತಕ್ಕೆ ಕೊನೆಯ ಸಹಿ ಬಿತ್ತು.